ಹೌದು ಅಂದವರು ಯಾರು? ಮಾಜಿ ಶಾಸಕರ ಮತ, ಮಾತು, ಖರ್ಚು

(ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಬ್ಬ ಶಾಸಕರು ಮಾಜಿ ಆದ ಮೇಲೆ ನಾವು ಅವರ ಬಗ್ಗೆ ಏನೇನು ಮಾತಾಡುತ್ತೇವೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ರಸ್ತೆ ಮಾಡಿಸಿದರು, ಅಥವಾ ಮಾಡಿಸಲಿಲ್ಲ. ಮದುವೆಗೆ ಬರುತ್ತಿದ್ದರು, ಸಾವಿಗೂ ಬರುತ್ತಿದ್ದರು. ಫೋನ್ ಮಾಡಿದರೆ ಎತ್ತುತ್ತಿದ್ದರು. ಆಸ್ಪತ್ರೆಗೆ ಒಂದು ಲೆಟರ್ ಕೊಟ್ಟಿದ್ದರು. ಇದೆಲ್ಲ ಮುಖ್ಯವೇ, ನಾನು ಇಲ್ಲ ಅನ್ನುವುದಿಲ್ಲ. ಕಷ್ಟದಲ್ಲಿ ಬಂದು ನಿಂತವರನ್ನು ಜನ ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ನಾವು ಅವರನ್ನು ಕಳಿಸಿದ್ದು ವಿಧಾನಸೌಧಕ್ಕೆ. ಅಲ್ಲಿ ಐದು ವರ್ಷದಲ್ಲಿ ಯಾವ ಕಾನೂನಿಗೆ ಹೌದು ಅಂದರು, ಯಾವುದಕ್ಕೆ ಬೇಡ ಅಂದರು, ಎದ್ದು ನಿಂತು ಏನು ಮಾತಾಡಿದರು, ನಮ್ಮ ದುಡ್ಡಿನಲ್ಲಿ ಎಷ್ಟು ಖರ್ಚು ಮಾಡಿದರು ಅಂತ ಕೇಳಿದರೆ ಈ ಸಭೆಯಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲಿರಿ?

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರಗಳು. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ, ಕಡೂರು. 2023ರ ಚುನಾವಣೆಯಲ್ಲಿ ಇದರಲ್ಲಿ ನಾಲ್ಕು ಕಡೆ ಶಾಸಕರು ಬದಲಾದರು. ಅಂದರೆ ಒಂದೇ ದಿನದ ಎಣಿಕೆಯಲ್ಲಿ ಈ ಜಿಲ್ಲೆಗೆ ನಾಲ್ವರು ಹೊಸ ಮಾಜಿ ಶಾಸಕರು. ಇಲ್ಲಿ ಬೇಲೂರಿನಿಂದ, ಹಾಸನದಿಂದ ಬಂದವರೂ ಇದ್ದೀರಿ, ನಿಮ್ಮ ಜಿಲ್ಲೆಯಲ್ಲಿ ಏಳು ಕ್ಷೇತ್ರ. ಈ ಹನ್ನೆರಡೂ ಕ್ಷೇತ್ರಗಳ ಹಿಂದಿನ ಶಾಸಕರ ಬಗ್ಗೆ ನಮ್ಮ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಹೇಳಲು ಬಂದಿದ್ದೇನೆ. ಯಾವುದೋ ಒಂದು ಪಕ್ಷದ ಮೇಲೆ ದೂರು ಹೇಳಲು ಬಂದಿಲ್ಲ. ನಾನು ಕೊಡುವ ಉದಾಹರಣೆಗಳಲ್ಲಿ ಎಲ್ಲ ಪಕ್ಷಗಳೂ ಬರುತ್ತವೆ.

ಮೊದಲು ಮತದ ವಿಷಯ.

2025ರ ಮಾರ್ಚ್ 21. ಆ ದಿನ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಹನಿಟ್ರ್ಯಾಪ್ ಆರೋಪ ಒಂದು ಕಡೆ, ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4ರ ಮೀಸಲಾತಿ ಇನ್ನೊಂದು ಕಡೆ. ಬಿಜೆಪಿ ಶಾಸಕರು ಸದನದ ಬಾವಿಗೆ ಇಳಿದಿದ್ದರು, ಕಾಗದ ಹರಿದು ಎಸೆದರು, ಕೊನೆಗೆ 18 ಜನ ಅಮಾನತಾದರು. ಟಿವಿಯಲ್ಲಿ ಅವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ಶಾಸಕರ ಮೂಲ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಮಂತ್ರಿಗಳದು 60 ಸಾವಿರದಿಂದ 1.25 ಲಕ್ಷಕ್ಕೆ. ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ.

ಈಗ ಮೂರು ವರ್ಷ ಹಿಂದೆ ಹೋಗಿ. 2022ರ ಫೆಬ್ರುವರಿ 22. ಆಗ ಬಿಜೆಪಿ ಸರ್ಕಾರ. ರಾಷ್ಟ್ರಧ್ವಜದ ಬಗ್ಗೆ ಮಂತ್ರಿಯೊಬ್ಬರು ಆಡಿದ ಮಾತಿಗೆ ಕಾಂಗ್ರೆಸ್ ಶಾಸಕರು ಬಾವಿಯಲ್ಲಿ ನಿಂತು ಧರಣಿ ಮಾಡುತ್ತಿದ್ದರು. ಆ ಗದ್ದಲದಲ್ಲೂ ಸಂಬಳದ ಮಸೂದೆ ಬಂತು, ಚರ್ಚೆಯಿಲ್ಲದೆ ಪಾಸಾಯಿತು. 25 ಸಾವಿರ ಇದ್ದದ್ದು 40 ಸಾವಿರ ಆಯಿತು. ಕೂಗುವವರು ಮತ್ತು ಕೂತವರು ಜಾಗ ಬದಲಾಯಿಸಿಕೊಂಡಿದ್ದರು, ಉಳಿದದ್ದೆಲ್ಲ ಒಂದೇ.

ಸಂಬಳ ಹೆಚ್ಚಿಸಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಸ್ತಿ ಇಲ್ಲದ ಒಬ್ಬ ಶಾಲಾ ಮೇಷ್ಟ್ರೋ, ತೋಟದ ಕಾರ್ಮಿಕರ ಮಗಳೋ ನಾಳೆ ಶಾಸಕಿಯಾದರೆ ಅವರಿಗೆ ಮರ್ಯಾದೆಯಿಂದ ಬದುಕುವಷ್ಟು ಸಂಬಳ ಬೇಕು. ಇಲ್ಲದಿದ್ದರೆ ದುಡ್ಡಿದ್ದವರು ಮಾತ್ರ ಶಾಸಕರಾಗುತ್ತಾರೆ. ಆ ವಾದವನ್ನು ಎದ್ದು ನಿಂತು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಸಿಟ್ಟು ಇರುವುದು ಅಲ್ಲಿ. ಈ ಎರಡೂ ದಿನ ನಿಮ್ಮ ಕ್ಷೇತ್ರದ ಶಾಸಕರು ಹೌದು ಅಂದರಾ, ಇಲ್ಲ ಅಂದರಾ, ಸುಮ್ಮನಿದ್ದರಾ? ಗೊತ್ತಾಗುವ ದಾರಿಯೇ ಇಲ್ಲ. ದಾಖಲೆಯಲ್ಲಿ ಯಾರ ಹೆಸರೂ ಇಲ್ಲ.

ಅದು ಹೇಗೆ ಅಂತ ಕೇಳುತ್ತೀರಿ. ಧ್ವನಿಮತ ಅಂತಾರಲ್ಲ, ಅದರಿಂದ. ಸ್ಪೀಕರ್ ಪ್ರಸ್ತಾವವನ್ನು ಓದಿ, ಪರವಾಗಿರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ ಅಂತ ಕೇಳುತ್ತಾರೆ. ಎರಡು ಕೂಗು ಕೇಳಿಸುತ್ತದೆ, ಅಥವಾ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ಸ್ಪೀಕರ್ ಅವರ ಕಿವಿಗೆ ಯಾವ ಕೂಗು ಜೋರು ಅನ್ನಿಸಿತೋ ಅದು ಗೆದ್ದಿತು. ಅಂಗೀಕರಿಸಲಾಗಿದೆ ಅಂತ ಒಂದು ಸಾಲು, ಮುಗೀತು. ನಮ್ಮ ವಿಧಾನಸಭೆಯಲ್ಲಿ ಹೆಚ್ಚಿನ ಕಾನೂನುಗಳು ಹೀಗೇ ಆಗುವುದು. 224 ಜನರನ್ನು ನಾವು ಒಬ್ಬೊಬ್ಬರಾಗಿ ಹೆಸರಿಟ್ಟು ಆರಿಸುತ್ತೇವೆ, ಅವರು ಒಳಗೆ ಹೋಗಿ ಒಂದೇ ಕೂಗಾಗಿ ಬಿಡುತ್ತಾರೆ.

ಇದಕ್ಕೆ ಪರಿಹಾರ ನಿಯಮದಲ್ಲೇ ಇದೆ. ಧ್ವನಿಮತದ ಫಲಿತಾಂಶವನ್ನು ಒಬ್ಬ ಸದಸ್ಯ ಒಪ್ಪದೆ ಮತ ವಿಭಜನೆ ಬೇಕು ಅಂತ ಕೇಳಬಹುದು. ಡಿವಿಷನ್ ಅಂತಾರೆ. ಆಗ ಎಣಿಕೆ ಆಗಬೇಕು. ನಮ್ಮಲ್ಲಿ ಅದು ಎಂಥ ಸಂದರ್ಭದಲ್ಲಿ ಆಗುತ್ತದೆ ಗೊತ್ತಾ? ಸರ್ಕಾರ ಬೀಳುವಾಗ. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ವಿಶ್ವಾಸಮತ. ದಿನಗಟ್ಟಲೆ ಚರ್ಚೆ ಆದ ಮೇಲೆ ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ಆ ದಿನ ಯಾರು ಎಲ್ಲಿ ನಿಂತರು, ಯಾರು ಬರಲೇ ಇಲ್ಲ ಅನ್ನುವುದು ಇಡೀ ರಾಜ್ಯಕ್ಕೆ ಗೊತ್ತು. ಕುರ್ಚಿಯ ಪ್ರಶ್ನೆ ಬಂದಾಗ ಎಣಿಸಲು ಆಗುತ್ತದೆ ಅಂದಮೇಲೆ ರೈತರ ಭೂಮಿಯ ಪ್ರಶ್ನೆ ಬಂದಾಗಲೂ ಎಣಿಸಬಹುದು, ಅಲ್ವಾ?

ಲೋಕಸಭೆಯಲ್ಲಿ ಸ್ವಲ್ಪ ಪರವಾಗಿಲ್ಲ. ಅಲ್ಲಿ 1957ರಿಂದಲೇ ಮತ ದಾಖಲಿಸುವ ಯಂತ್ರ ಇದೆ. ಅಲ್ಲೂ ಬಹಳಷ್ಟು ಮಸೂದೆಗಳು ಧ್ವನಿಮತದಲ್ಲೇ ಹೋಗುತ್ತವೆ, ಆದರೆ ಸಂವಿಧಾನ ತಿದ್ದುಪಡಿ ಬಂದರೆ 368ನೇ ವಿಧಿಯ ಪ್ರಕಾರ ವಿಶೇಷ ಬಹುಮತ ಬೇಕು, ಹಾಗಾಗಿ ಎಣಿಸಲೇಬೇಕು. ಮಹಿಳಾ ಮೀಸಲಾತಿ ತಿದ್ದುಪಡಿಗೆ 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪರ 454, ವಿರುದ್ಧ 2. ಆ ಇಬ್ಬರು ಯಾರು ಅಂತ ಇವತ್ತಿಗೂ ಯಾರು ಬೇಕಾದರೂ ಹೇಳಬಹುದು. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡಿಸುವಾಗ ವಿರೋಧ ಪಕ್ಷ ಡಿವಿಷನ್ ಕೇಳಿತು. ಯಂತ್ರದಲ್ಲಿ ಮತ ಹಾಕಿದ್ದರಲ್ಲಿ ತಪ್ಪಿದೆ ಅಂದವರಿಗೆ ಚೀಟಿ ಕೊಟ್ಟು ಸರಿ ಮಾಡಿಸಿ, ಕೊನೆಗೆ 269 ಮತ್ತು 198 ಅಂತ ಘೋಷಿಸಿದರು. ಬರೀ ಮಂಡನೆಗೆ ಇಷ್ಟು ಎಣಿಕೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಯಾಕೆಂದರೆ ಚಿಕ್ಕಮಗಳೂರಿನಲ್ಲಿ ನಿಂತು ಇದನ್ನು ಹೇಳದಿದ್ದರೆ ಹೇಗೆ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ನವೆಂಬರ್‌ನಲ್ಲಿ ಉಪಚುನಾವಣೆ ಆಗಿ, ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಇಲ್ಲಿಂದ ಗೆದ್ದರು. ಇಷ್ಟು ಇಲ್ಲಿ ಹಿರಿಯರಿಗೆಲ್ಲ ಗೊತ್ತು. ಮುಂದೆ ಏನಾಯಿತು ಅನ್ನುವುದು ಅಷ್ಟು ಜನರಿಗೆ ನೆನಪಿಲ್ಲ. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹಕ್ಕುಚ್ಯುತಿಗಾಗಿ ಹೊರಹಾಕಿತು. ಮಾರುತಿ ಕಂಪನಿ ಬಗ್ಗೆ ಸಂಸತ್ತಿನಲ್ಲಿ ಬಂದ ಒಂದು ಪ್ರಶ್ನೆಗೆ ಉತ್ತರ ಕೊಡಲು ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿದರು, ಕಿರುಕುಳ ಕೊಟ್ಟರು ಅನ್ನುವುದು ಆರೋಪ. ಅಂದರೆ ಒಬ್ಬ ಸಂಸದರು ಕೇಳಿದ ಒಂದು ಪ್ರಶ್ನೆ ವರ್ಷಗಳ ನಂತರ ಅಷ್ಟು ದೂರ ಹೋಯಿತು. 1981ರ ಮೇನಲ್ಲಿ, ಇಂದಿರಾ ಮತ್ತೆ ಪ್ರಧಾನಿಯಾಗಿದ್ದಾಗ, ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು. ನಮ್ಮ ಜಿಲ್ಲೆಯ ಮತದಾರರು ಆರಿಸಿ ಕಳಿಸಿದ ಸಂಸದರನ್ನು ಬೇರೆ ಊರಿನ ಸಂಸದರು ಮತ ಹಾಕಿ ಹೊರಗೆ ಕಳಿಸಿದರು. ಅದು ಸರಿಯಾಗಿತ್ತಾ ಅಂತ ನೀವು ಬೇರೆ ಬೇರೆ ಅಭಿಪ್ರಾಯ ಇಟ್ಟುಕೊಳ್ಳಬಹುದು. ಸದನದೊಳಗಿನ ಮತ ಇಲ್ಲಿ ನಮ್ಮ ಮತಗಟ್ಟೆಯವರೆಗೂ ಬಂದು ಮುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಹಾಸನದವರಿಗೂ ಒಂದು. 1997ರ ಏಪ್ರಿಲ್ 11ರಂದು ದೇವೇಗೌಡರ ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಸೋತಿತು. ಪರ 158, ವಿರುದ್ಧ 292. ಆ 158ರಲ್ಲಿ ದೇವೇಗೌಡರ ಮತ ಇರಲಿಲ್ಲ! ಅವರು ಆಗ ರಾಜ್ಯಸಭೆಯ ಸದಸ್ಯರು. ಮಂತ್ರಿಯಾದವರು ಎರಡೂ ಸದನದಲ್ಲಿ ಮಾತಾಡಬಹುದು, ಆದರೆ ತಾವು ಸದಸ್ಯರಾಗಿರುವ ಸದನದಲ್ಲಿ ಮಾತ್ರ ಮತ ಹಾಕಬಹುದು ಅಂತ ಸಂವಿಧಾನದ 88ನೇ ವಿಧಿ ಹೇಳುತ್ತದೆ. ತಮ್ಮದೇ ಸರ್ಕಾರದ ಅಳಿವು ಉಳಿವಿನ ದಿನ ಪ್ರಧಾನಿ ಮಾತಾಡಿದರು, ಮತ ಹಾಕಲಿಲ್ಲ. ಯಾರಾದರೂ ನಾಳೆ ಆ ದಿನದ ಪಟ್ಟಿ ತೆಗೆದು, ನೋಡಿ ದೇವೇಗೌಡರು ಗೈರಾಗಿದ್ದರು ಅಂತ ಮೊಬೈಲಿನಲ್ಲಿ ಹಂಚಿದರೆ ನಂಬಬೇಡಿ ಅಂತ ಹೇಳಲಿಕ್ಕೆ ಇದನ್ನು ಹೇಳಿದೆ. ದಾಖಲೆ ಓದುವಾಗ ನಿಯಮವನ್ನೂ ಜೊತೆಗೆ ಓದಬೇಕು.

ಈಗ ಒಂದು ಗಟ್ಟಿ ಆಕ್ಷೇಪಣೆ ಇದೆ. ಈ ಮುಂದಿನ ಸಾಲಿನಲ್ಲಿ ಕೂತ ವಕೀಲರು ಆಗಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಪಕ್ಷಾಂತರ ನಿಷೇಧ ಕಾನೂನು ಇದೆಯಲ್ಲ, ವಿಪ್ ಕೊಟ್ಟ ಮೇಲೆ ಶಾಸಕರು ಪಕ್ಷ ಹೇಳಿದ ಹಾಗೆ ಮತ ಹಾಕಲೇಬೇಕು, ಇಲ್ಲದಿದ್ದರೆ ಸ್ಥಾನ ಹೋಗುತ್ತದೆ, ಹಾಗಿರುವಾಗ ಹೆಸರು ಹೆಸರಾಗಿ ದಾಖಲೆ ಇಟ್ಟು ಏನು ಪ್ರಯೋಜನ? ನ್ಯಾಯವಾದ ಪ್ರಶ್ನೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಈ ಕಾನೂನು ಸಂವಿಧಾನದ ಹತ್ತನೇ ಅನುಸೂಚಿಯಾಗಿ ಬಂದಮೇಲೆ ಶಾಸಕರ ಕೈ ಕಟ್ಟಿದೆ ಅನ್ನುವುದು ನಿಜ. ಆದರೆ ಅದೇ ಕಾನೂನಿನಲ್ಲಿ, ಪಕ್ಷದಿಂದ ಮೊದಲೇ ಅನುಮತಿ ಪಡೆದು ಬೇರೆ ಮತ ಹಾಕಬಹುದು, ಹಾಕಿದ ಮೇಲೆ 15 ದಿನದೊಳಗೆ ಪಕ್ಷ ಮನ್ನಿಸಬಹುದು ಅಂತಲೂ ಇದೆ. ವಿಪ್ ಇಲ್ಲದ ವಿಷಯಗಳೂ ಇರುತ್ತವೆ. ಇನ್ನು, ಪಕ್ಷ ಹೇಳಿತು ಅಂತಲೇ ಮತ ಹಾಕಿದ್ದರೂ, ಹಾಕಿದ್ದೇನೆ ಅಂತ ಹೆಸರು ಬಂದರೆ ಊರಿಗೆ ಬಂದಾಗ ಜನ ಕೇಳುತ್ತಾರೆ. ಜನ ಕೇಳುತ್ತಾರೆ ಅಂತ ಗೊತ್ತಾದರೆ ಪಕ್ಷದ ಸಭೆಯ ಒಳಗೆ ಒಂದು ಮಾತು ಹೆಚ್ಚು ಆಡುತ್ತಾರೆ. ನನಗೆ ಬೇಕಾಗಿರುವುದು ಆ ಒಂದು ಮಾತು.

2020ರ ಭೂ ಸುಧಾರಣೆ ತಿದ್ದುಪಡಿಯನ್ನೇ ನೋಡಿ. ಕೃಷಿ ಕುಟುಂಬದವರಲ್ಲದವರು ಕೃಷಿ ಭೂಮಿ ಕೊಳ್ಳಲು ಇದ್ದ ಅಡ್ಡಿ 79ಎ, 79ಬಿ ಕಲಮುಗಳಲ್ಲಿತ್ತು. ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಬೇರೆ ಆದಾಯ ಇದ್ದವರಿಗೂ ಅಡ್ಡಿ ಇತ್ತು. ಆ ಕಲಮುಗಳನ್ನೇ ತೆಗೆದು ಹಾಕಿದರು. ನಮ್ಮ ಮಲೆನಾಡಿನಲ್ಲಿ, ಹೋಮ್‌ಸ್ಟೇ ರೆಸಾರ್ಟ್ ಅಂತ ಹೊರಗಿನ ದುಡ್ಡು ಗದ್ದೆ, ಗುಡ್ಡ ಹುಡುಕಿಕೊಂಡು ಬರುವ ಕಡೆ ಇದು ಸಣ್ಣ ಬದಲಾವಣೆಯಲ್ಲ. ಸೆಪ್ಟೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾಯಿತು. ಡಿಸೆಂಬರ್ 8ರಂದು, ರೈತರು ದೇಶದ ತುಂಬ ಬಂದ್ ಮಾಡುತ್ತಿದ್ದ ದಿನವೇ, ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಬಂತು. ಪರ 37, ವಿರುದ್ಧ 21. ಮೊದಲು ವಿರೋಧ ಮಾತಾಡಿದ್ದ ಜೆಡಿಎಸ್ ಪರಿಷತ್ತಿನಲ್ಲಿ ಪರವಾಗಿ ನಿಂತಿತು. ಇದು ಹಾಸನದಲ್ಲಿ ಎಷ್ಟು ಚರ್ಚೆಯಾಯಿತು ಅಂತ ನಿಮಗೇ ಗೊತ್ತು. ಚರ್ಚೆಯಾದದ್ದು ಯಾಕೆ? ಎಣಿಕೆಯಾದ್ದರಿಂದ. ಮುಂದಿನ ಚುನಾವಣೆಯಲ್ಲಿ ಕೇಳಲು ಒಂದು ಪ್ರಶ್ನೆ ರೈತ ಸಂಘದವರ ಕೈಗೆ ಸಿಕ್ಕಿತು. ವಿಪ್ ಇದ್ದರೂ ಸಿಕ್ಕಿತು.

ಮತದಲ್ಲಿ ಕೈ ಕಟ್ಟಿದೆ ಅಂತ ಒಪ್ಪಿಕೊಳ್ಳೋಣ. ಬಾಯಿ ಕಟ್ಟಿಲ್ಲವಲ್ಲ. ಸಂವಿಧಾನದ 194ನೇ ವಿಧಿ ಶಾಸಕರಿಗೆ ಕೊಟ್ಟ ರಕ್ಷಣೆ ದೊಡ್ಡದು. ಸದನದೊಳಗೆ ಆಡಿದ ಮಾತಿಗೆ, ಹಾಕಿದ ಮತಕ್ಕೆ ಯಾವ ಕೋರ್ಟಿನಲ್ಲೂ ಅವರ ಮೇಲೆ ಕೇಸು ಹಾಕುವ ಹಾಗಿಲ್ಲ. ಮಾನನಷ್ಟದ ಭಯವಿಲ್ಲದೆ, ಎಷ್ಟು ದೊಡ್ಡ ಕುಳದ ಹೆಸರನ್ನಾದರೂ ಎತ್ತಿ ಮಾತಾಡಬಹುದು. ಅಂಥ ಸ್ವಾತಂತ್ರ್ಯ ನಿಮಗಿಲ್ಲ, ನನಗಿಲ್ಲ. ಅದನ್ನು ಬಳಸದೆ ಐದು ವರ್ಷ ಕೂತು ಬಂದವರನ್ನು ನಾವು ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವುದಿಲ್ಲ ಅಂತ ಹೊಗಳುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ.

ಮಾತಿನ ದಾಖಲೆ ಹೇಗೆ ನೋಡುವುದು? ವಿಧಾನಸಭೆಯ ನಡವಳಿಗಳು ಅಚ್ಚಾಗುತ್ತವೆ, ಜಾಲತಾಣದಲ್ಲೂ ಹಾಕುತ್ತಾರೆ. ಹಳೆಯವು ಬಹಳಷ್ಟು ಸ್ಕ್ಯಾನ್ ಮಾಡಿದ ಪುಟಗಳು, ಹೆಸರು ಟೈಪ್ ಮಾಡಿದರೆ ಸಿಗುವುದಿಲ್ಲ, ಪುಟ ತಿರುಗಿಸಿಯೇ ಓದಬೇಕು. ಓದಿ. ಬೇಜಾರಾಗುವುದಿಲ್ಲ, ನಿಮ್ಮ ಊರಿನ ಹೆಸರು ಅಲ್ಲಿ ಅಚ್ಚಾಗಿರುವುದನ್ನು ನೋಡಿದಾಗ ಬೇರೆಯೇ ಒಂದು ಆಸಕ್ತಿ ಹುಟ್ಟುತ್ತದೆ. ನಾನು ಹೇಳುವುದು, ಮೊದಲು ಭಾಷಣ ಓದಬೇಡಿ, ಪ್ರಶ್ನೆಗಳನ್ನು ಓದಿ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದದ್ದು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಭಾಷಣವನ್ನು ಯಾರಾದರೂ ಬರೆದು ಕೊಡಬಹುದು, ಉಪಪ್ರಶ್ನೆ ಕೇಳಲು ವಿಷಯ ಗೊತ್ತಿರಬೇಕು. ಒಬ್ಬ ಶಾಸಕರು ಹೋಮ್‌ವರ್ಕ್ ಮಾಡಿ ಬಂದಿದ್ದಾರಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಪ್ರಯೋಗ ಮಾಡಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋಯಿತು. ಪುನರ್ವಸತಿಗೆ ಆ ಕುಟುಂಬಗಳು ವರ್ಷಗಟ್ಟಲೆ ಅಲೆದವು. ಆ ಆಗಸ್ಟ್‌ನಿಂದ 2023ರವರೆಗಿನ ಅಧಿವೇಶನಗಳ ಪ್ರಶ್ನೋತ್ತರ ತೆಗೆದು ಈ ಎರಡು ಊರಿನ ಹೆಸರು ಯಾರ ಬಾಯಲ್ಲಿ, ಎಷ್ಟು ಸಲ ಬಂದಿದೆ ನೋಡಿ. ಮಂತ್ರಿ ಏನು ಭರವಸೆ ಕೊಟ್ಟರು ಅಂತ ಬರೆದುಕೊಳ್ಳಿ. ಮುಂದಿನ ಅಧಿವೇಶನದಲ್ಲಿ ಅದೇ ಶಾಸಕರು, ಹೋದ ಸಲ ಹೀಗೆ ಹೇಳಿದ್ದಿರಿ, ಏನಾಯಿತು ಅಂತ ಮತ್ತೆ ಕೇಳಿದ್ದಾರಾ ನೋಡಿ. ಸದನದಲ್ಲಿ ಮಂತ್ರಿ ಕೊಟ್ಟ ಮಾತನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಇದೆ. ಇದೇ ರೀತಿ ಸಕಲೇಶಪುರ, ಆಲೂರು, ಬೇಲೂರಿನವರು ಆನೆ ವಿಷಯ ನೋಡಿ. ಆನೆ ತುಳಿದು ಜನ ಸತ್ತಾಗ ರಸ್ತೆಯಲ್ಲಿ ಕೂತು ಧರಣಿ ಮಾಡಿದ ಫೋಟೋ ಎಲ್ಲರ ಹತ್ತಿರ ಇದೆ. ಆದರೆ ಅರಣ್ಯ ಇಲಾಖೆಯ ಬಜೆಟ್ ಬೇಡಿಕೆಗಳ ಮೇಲೆ ಚರ್ಚೆ ಆಗುವಾಗ, ರೈಲ್ವೆ ಕಂಬಿಯ ಬೇಲಿಗೆ ದುಡ್ಡು ಎಷ್ಟು ಇಟ್ಟಿದ್ದೀರಿ ಅಂತ ಕೇಳಿದವರು ಯಾರು? ಎತ್ತಿನಹೊಳೆಯದೂ ಅಷ್ಟೇ. 2012ರಲ್ಲಿ 8,323 ಕೋಟಿ ರೂಪಾಯಿಯ ಅಂದಾಜಿನಿಂದ ಶುರುವಾದದ್ದು ಈಗ 23 ಸಾವಿರ ಕೋಟಿ ದಾಟಿದೆ. ಸಕಲೇಶಪುರದ ಕಾಡಿನಿಂದ ನೀರೆತ್ತುವ ಯೋಜನೆ. ಪ್ರತಿ ಸಲ ಅಂದಾಜು ಏರಿದಾಗ ಈ ಎರಡು ಜಿಲ್ಲೆಯ ಯಾವ ಶಾಸಕರು ಎದ್ದು ಕಾರಣ ಕೇಳಿದರು ಅನ್ನುವುದು ನಡವಳಿಯಲ್ಲಿ ಇರುತ್ತದೆ, ಅಥವಾ ಇರುವುದಿಲ್ಲ. ಇಲ್ಲದಿರುವುದೂ ಒಂದು ದಾಖಲೆ.

ಹಾಜರಿಯ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಸಂಸದರಿಗಾದರೆ ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ಹಾಜರಿ, ಪ್ರಶ್ನೆ, ಚರ್ಚೆಯ ಲೆಕ್ಕವನ್ನು ಒಬ್ಬೊಬ್ಬರದ್ದೂ ಇಟ್ಟಿದೆ, ಮಾಜಿಗಳದ್ದೂ ಸಿಗುತ್ತದೆ. ಉಪಯುಕ್ತವಾದ ಕೆಲಸ. ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹತ್ತು ನಿಮಿಷದಲ್ಲಿ ಹೊರಗೆ ಹೋದವರೂ, ರಾತ್ರಿಯವರೆಗೆ ಕೂತವರೂ ಆ ಲೆಕ್ಕದಲ್ಲಿ ಒಂದೇ. ಮಂತ್ರಿಗಳು ಆ ಪುಸ್ತಕಕ್ಕೆ ಸಹಿ ಹಾಕುವುದೇ ಇಲ್ಲ, ಹಾಗಾಗಿ ಅವರ ಹಾಜರಿ ಕಾಣುವುದಿಲ್ಲ. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ, ಅವರ ಹೆಸರಿನ ಮುಂದೆ ಸೊನ್ನೆ ನೋಡಿ ಬೈಯುವುದು ಅನ್ಯಾಯ. ಇನ್ನು ಸದನ ಸೇರುವುದೇ ಕಡಿಮೆ ದಿನ. ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ ಕರ್ನಾಟಕದಲ್ಲಿ 2005ರಲ್ಲಿ ಕಾನೂನೇ ಮಾಡಿಕೊಂಡಿದ್ದಾರೆ. ಆ ಗುರಿ ಮುಟ್ಟುವುದು ಅಪರೂಪ. ಸೇರಿದ ದಿನಗಳಲ್ಲೂ ಅರ್ಧ ಗದ್ದಲಕ್ಕೆ ಹೋಗುತ್ತದೆ.

ಇಲ್ಲಿ ನಮ್ಮ ತಪ್ಪೂ ಇದೆ, ಮತದಾರರದು. ಕಡೂರಿನಿಂದ 2013ರಲ್ಲಿ ಗೆದ್ದ ವೈ.ಎಸ್.ವಿ. ದತ್ತ ಅವರನ್ನು ನೆನಪಿಸಿಕೊಳ್ಳಿ. ಗಣಿತದ ಮೇಷ್ಟ್ರು. ಸದನದಲ್ಲಿ ನಿಯಮ, ಸಂವಿಧಾನ ಓದಿಕೊಂಡು ಬಂದು ಮಾತಾಡುವವರು ಅಂತ ಅವರ ಪಕ್ಷದವರಲ್ಲದವರೂ ಹೇಳುತ್ತಾರೆ. 2018ರಲ್ಲಿ ಸೋತರು, 2023ರಲ್ಲೂ ಸೋತರು. ಅವರಿಗೇ ಮತ ಹಾಕಬೇಕಿತ್ತು ಅಂತ ನಾನು ಹೇಳುವುದಿಲ್ಲ, ಸೋಲಿಗೆ ನೂರು ಕಾರಣ ಇರುತ್ತದೆ. ಆದರೆ ಆ ಎರಡೂ ಚುನಾವಣೆಯಲ್ಲಿ ಸದನದ ಮಾತಿಗೆ ತಕ್ಕಡಿಯಲ್ಲಿ ಎಷ್ಟು ತೂಕ ಕೊಟ್ಟೆವು ಅಂತ ಕಡೂರಿನವರು ತಾವೇ ಕೇಳಿಕೊಳ್ಳಬೇಕು. ತೂಕ ಕೊಡದಿದ್ದರೆ ಮುಂದೆ ಬರುವವರು ಓದಿಕೊಂಡು ಯಾಕೆ ಹೋಗುತ್ತಾರೆ? ಒಂದು ನಿಮಿಷದ ರೀಲಿಗೆ ಆಗುವಷ್ಟು ಕೂಗಿ ಬಂದರೆ ಸಾಕು ಅನ್ನಿಸಿಬಿಡುತ್ತದೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಮೂರು ಬೇರೆ ಬೇರೆ ಗಂಟುಗಳಿವೆ, ಜನ ಮೂರನ್ನೂ ಕಲೆಸಿ ಮಾತಾಡುತ್ತಾರೆ.

ಒಂದು, ಶಾಸಕರು ತಮಗಾಗಿ ಪಡೆಯುವ ದುಡ್ಡು. ಸಂಬಳ, ಕ್ಷೇತ್ರ ಪ್ರಯಾಣ ಭತ್ಯೆ, ದಿನಭತ್ಯೆ, ದೂರವಾಣಿ, ವೈದ್ಯಕೀಯ ವೆಚ್ಚ, ಸಮಿತಿಗಳ ಪ್ರವಾಸ. ಮಾಜಿಯಾದ ಮೇಲೆ ಬದುಕಿರುವವರೆಗೆ ಪಿಂಚಣಿ. ಅದಕ್ಕೇ ನಾನು ಮಾಜಿಗಳ ದಾಖಲೆ ನೋಡಬೇಕು ಅನ್ನುವುದು, ಅವರ ಕೆಲಸ ಮುಗಿದಿರಬಹುದು, ನಾವು ಕೊಡುವುದು ಮುಗಿದಿಲ್ಲ.

ಎರಡು, ಶಾಸಕರ ಅನುದಾನ. ವರ್ಷಕ್ಕೆ 2 ಕೋಟಿ, ಐದು ವರ್ಷಕ್ಕೆ 10 ಕೋಟಿ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಅದು 1993ರಲ್ಲಿ 5 ಲಕ್ಷದಿಂದ ಶುರುವಾದದ್ದು. ಈ ದುಡ್ಡು ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ನಿರ್ಮಿತಿ ಕೇಂದ್ರವೋ, ನಾವು ಇನ್ನೂ ಲ್ಯಾಂಡ್ ಆರ್ಮಿ ಅಂತಲೇ ಕರೆಯುವ ನಿಗಮವೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ ಕೆಲಸ ಮಾಡುತ್ತದೆ. ಹಾಗಾಗಿ ಬಸ್ ತಂಗುದಾಣದ ಮೇಲೆ ಶಾಸಕರ ಹೆಸರು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಅವರ ಜೇಬಿನದಲ್ಲ. ನೋಡಬೇಕಾದದ್ದು ಪಟ್ಟಿ. ಯಾವ ಊರಿಗೆ ಎಷ್ಟು ಹೋಯಿತು? ಸಮುದಾಯ ಭವನಗಳಿಗೆ ಎಷ್ಟು, ಶಾಲೆಗೆ ಎಷ್ಟು, ಅಂಗವಿಕಲರ ತ್ರಿಚಕ್ರ ವಾಹನಕ್ಕೆ ಎಷ್ಟು? ಚುನಾವಣೆ ಹಿಂದಿನ ಆರು ತಿಂಗಳಲ್ಲಿ ಎಷ್ಟು, ಮೊದಲ ಮೂರು ವರ್ಷದಲ್ಲಿ ಎಷ್ಟು? ಖರ್ಚಾಗದೆ ಉಳಿದದ್ದೆಷ್ಟು? ಉಳಿಸಿದರು ಅಂತ ಹೊಗಳಬೇಡಿ, ಅದು ಉಳಿತಾಯವಲ್ಲ, ಒಂದು ಶಾಲೆಯ ಶೌಚಾಲಯ ಆಗದೆ ನಿಂತದ್ದು.

ಮೂರು, ಅವರ ಸ್ವಂತ ಆಸ್ತಿ. ಇಲ್ಲಿ ಮಾತ್ರ ನಮ್ಮ ವ್ಯವಸ್ಥೆ ಮುಂದಿದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ನಂತರ ನಾಮಪತ್ರದ ಜೊತೆ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಅಫಿಡವಿಟ್ ಕೊಡಲೇಬೇಕು. ಒಬ್ಬರೇ ಎರಡು ಸಲ ನಿಂತಿದ್ದರೆ ಎರಡು ಅಫಿಡವಿಟ್ ಪಕ್ಕಪಕ್ಕ ಇಟ್ಟು ಓದಿ. ಲೋಕಾಯುಕ್ತ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು ಅಂತಲೂ ಇದೆ. ಚುನಾವಣಾ ವೆಚ್ಚಕ್ಕೆ ವಿಧಾನಸಭೆಗೆ 40 ಲಕ್ಷದ ಮಿತಿ, ಫಲಿತಾಂಶ ಬಂದು 30 ದಿನದೊಳಗೆ ಲೆಕ್ಕ ಕೊಡಬೇಕು. ಆ ಲೆಕ್ಕದಲ್ಲಿ ಬರೆದದ್ದಕ್ಕೂ ನಾವು ಕಣ್ಣಾರೆ ಕಂಡದ್ದಕ್ಕೂ ಎಷ್ಟು ಹೊಂದುತ್ತದೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಗಮನಿಸಿ. ಒಬ್ಬ ಶಾಸಕರ ಹೆಂಡತಿಯ ಹತ್ತಿರ ಎಷ್ಟು ಗ್ರಾಂ ಚಿನ್ನ ಇದೆ ಅಂತ ನಮಗೆ ಗೊತ್ತಾಗುತ್ತದೆ. ಆ ಶಾಸಕರು ಯಾವ ಕಾನೂನಿಗೆ ಹೌದು ಅಂದರು ಅಂತ ಗೊತ್ತಾಗುವುದಿಲ್ಲ. ಇದು ನನಗೆ ಬಹಳ ವಿಚಿತ್ರ ಅನ್ನಿಸುತ್ತದೆ, ಬೇಸರವೂ ಆಗುತ್ತದೆ.

ಬೇರೆ ಕಡೆ ಹೀಗಿಲ್ಲ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಡಿವಿಷನ್ ಆದಾಗ ಯಾರು ಯಾವ ಕಡೆ ಅಂತ ಹೆಸರಿನ ಪಟ್ಟಿಯನ್ನು 1836ರಿಂದ ಅಚ್ಚು ಹಾಕುತ್ತಿದ್ದಾರೆ. ಖರ್ಚಿನ ವಿಷಯದಲ್ಲಿ ಅವರೂ ಬಚ್ಚಿಟ್ಟವರೇ. ಪತ್ರಕರ್ತೆ ಹೀದರ್ ಬ್ರೂಕ್ ಮತ್ತಿತರರು ಮಾಹಿತಿ ಹಕ್ಕಿನಲ್ಲಿ ಕೇಳಿದರು, ಕೋರ್ಟಿನವರೆಗೂ ಹೋದರು. 2009ರಲ್ಲಿ ಒಂದು ಪತ್ರಿಕೆಗೆ ಎಲ್ಲ ಬಿಲ್ಲುಗಳೂ ಸಿಕ್ಕಿ ದಿನದಿನವೂ ಅಚ್ಚಾದವು. ಕೊಳದ ಬಾತುಕೋಳಿಗೆ ಮನೆ ಕಟ್ಟಿಸಿದ ಬಿಲ್ಲು ಕೊಟ್ಟ ಸಂಸದರೂ ಇದ್ದರು. ಸ್ಪೀಕರ್ ರಾಜೀನಾಮೆ ಕೊಟ್ಟರು, ಕೆಲವರು ಜೈಲಿಗೆ ಹೋದರು, ಸಂಸದರ ಖರ್ಚು ನೋಡಲು ಸಂಸದರಲ್ಲದವರ ಸಂಸ್ಥೆಯೊಂದು ಹುಟ್ಟಿತು. ಶುರುವಾದದ್ದು ಒಂದು ಅರ್ಜಿಯಿಂದ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಖರ್ಚಿನ ಅಂಕಿ ಒಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ. ಶೃಂಗೇರಿ, ಮೂಡಿಗೆರೆಯವರ ಪ್ರಯಾಣ ಭತ್ಯೆ ಬೆಂಗಳೂರಿನ ಶಾಸಕರಿಗಿಂತ ಜಾಸ್ತಿ ಇರಲೇಬೇಕು, ಘಟ್ಟದ ದಾರಿ, ದೂರ. ಭತ್ಯೆ ಕಡಿಮೆ ಪಡೆದವರು ಸಮಿತಿ ಸಭೆಗೆ ಹೋಗದೇ ಇದ್ದವರೂ ಆಗಿರಬಹುದು. ಭತ್ಯೆಯನ್ನೂ ಹಾಜರಿಯನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಅರ್ಥ.

ಹಿಂದಿನ ಸಾಲಿನ ಅಕ್ಕ ಒಬ್ಬರು ಕೇಳಿದರು, ಇಷ್ಟೆಲ್ಲ ಯಾರು ಕೂತು ನೋಡುತ್ತಾರೆ ಸಾರ್ ಅಂತ. ಒಬ್ಬರೇ ನೋಡಲು ಆಗುವುದಿಲ್ಲ ಅಕ್ಕ, ನಿಜ. ಆದರೆ ಈ ಊರಿನಲ್ಲಿ ಕಾಲೇಜುಗಳಿವೆ, ರಾಜ್ಯಶಾಸ್ತ್ರ ಓದುವ ಮಕ್ಕಳಿದ್ದಾರೆ. ಒಬ್ಬೊಬ್ಬರಿಗೆ ಒಬ್ಬ ಮಾಜಿ ಶಾಸಕರು, ಒಂದೊಂದು ವರ್ಷ ಅಂತ ಹಂಚಿ. ರೈತ ಸಂಘದವರು ಭೂಮಿಯ ವಿಷಯ ತೆಗೆದುಕೊಳ್ಳಿ, ಸ್ತ್ರೀಶಕ್ತಿ ಸಂಘದವರು ಅಂಗನವಾಡಿ, ಪಡಿತರದ ವಿಷಯ ತೆಗೆದುಕೊಳ್ಳಿ. ಮತದ ವಿಷಯಕ್ಕೆ ಮಾತ್ರ ಬೇರೆಯದೇ ಒತ್ತಾಯ ಬೇಕು. ಪ್ರತಿ ಮಸೂದೆಗೂ ಹೆಸರು ದಾಖಲಿಸಿ ಮತ ಹಾಕಿಸಲು ಸಂವಿಧಾನ ತಿದ್ದಬೇಕಾಗಿಲ್ಲ. ಸದನ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದು ಅಂತ 208ನೇ ವಿಧಿ ಹೇಳುತ್ತದೆ. ಅಲ್ಲಿಯವರೆಗೆ ಯಾವ ಸದಸ್ಯರು ಬೇಕಾದರೂ ಡಿವಿಷನ್ ಕೇಳಬಹುದು. 2028ರಲ್ಲಿ ಮತ ಕೇಳಲು ಬರುವ ಹಾಲಿ, ಮಾಜಿ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ನೀವು ಒಂದು ಸಲವಾದರೂ ಎದ್ದು ಡಿವಿಷನ್ ಕೇಳಿದ್ದೀರಾ? ಯಾವ ಮಸೂದೆಗೆ?

ಅರ್ಜಿ ಹೇಗೆ ಬರೆಯುವುದು ಅಂತ ಹೇಳಿ ನಿಲ್ಲಿಸುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಇದನ್ನು ಮರೆತರೆ ಅರ್ಜಿ ವಾಪಸ್ ಬರುತ್ತದೆ, ಹಾಗಾಗಿ ಸಂಬಳದ ಪ್ರಶ್ನೆ, ಅನುದಾನದ ಪ್ರಶ್ನೆ ಒಂದೇ ಹಾಳೆಯಲ್ಲಿ ಬರೆಯಬೇಡಿ. ಭತ್ಯೆಯ ಅರ್ಜಿ ವಿಧಾನಸೌಧದಲ್ಲಿರುವ ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಇಂಥ ಕ್ಷೇತ್ರದ ಶಾಸಕರಾಗಿದ್ದ ಇಂಥವರಿಗೆ 2018ರ ಮೇ ತಿಂಗಳಿಂದ 2023ರ ಮೇವರೆಗೆ ಪಾವತಿಸಿದ ಪ್ರಯಾಣ ಭತ್ಯೆ, ದಿನಭತ್ಯೆಯ ತಿಂಗಳುವಾರು ವಿವರ ಮತ್ತು ಅವರು ಸದಸ್ಯರಾಗಿದ್ದ ಸಮಿತಿಗಳ ಸಭೆಗಳಿಗೆ ಅವರ ಹಾಜರಿ, ಇಷ್ಟು ಕೇಳಿ. ಅನುದಾನದ ಅರ್ಜಿ ಇಲ್ಲೇ ಜಿಲ್ಲಾಧಿಕಾರಿ ಕಚೇರಿಗೆ: ವರ್ಷವಾರು ಕಾಮಗಾರಿಯ ಹೆಸರು, ಗ್ರಾಮ, ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ, ಕೆಲಸ ಮಾಡಿದ ಸಂಸ್ಥೆ, ಮುಗಿದ ದಿನಾಂಕ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ. ಅರ್ಜಿಯ ಒಂದು ಪ್ರತಿ, ಅಂಚೆ ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.